ಬಿಸಿಲು ಪುಕ್ಕಟೆ, ಬಿಸಿನೀರು?

ಬಿಸಿಲಲ್ಲಿ ನೀರು ಕಾಯಿಸುವ ಸೋಲಾರ್ ವಾಟರ್ ಹೀಟರ್ ತಾರಸಿಗೆ ಬೇಕೇ, ಬೇಡವೇ? ಎರಡೂ ಕಡೆಯ ಮಾತು ಇಲ್ಲಿದೆ.

ಪರ

100 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಕಾಯಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಕಾಯಿಲ್ ಇರುವ ಯಾವ ಗೀಸರ್ ತಂದರೂ ಅಷ್ಟು ಉರಿಯಲೇಬೇಕು. ನಾಲ್ಕು ಜನ ದಿನಾ ಸ್ನಾನ ಮಾಡುವ ಮನೆಯಾದರೆ ತಿಂಗಳಿಗೆ 120 ಯೂನಿಟ್ ಬರೀ ನೀರಿಗೇ ಹೋಯಿತು.

ಅತ್ತ ತಾರಸಿಯಲ್ಲಿ 2 ಚದರ ಮೀಟರ್ ಜಾಗದ ಮೇಲೆ ಒಳ್ಳೆ ಬಿಸಿಲಿನ ದಿನ 10 ಯೂನಿಟ್‌ನಷ್ಟು ಶಾಖ ಸುಮ್ನೆ ಬಿದ್ದು ಹೋಗುತ್ತಿರುತ್ತದೆ. ಕರೆಂಟ್ ಮಾಡುವ ಪ್ಯಾನೆಲ್ ಅದರಲ್ಲಿ ಐದರಲ್ಲೊಂದು ಪಾಲು ಹಿಡಿಯುತ್ತದೆ. ನೀರು ಕಾಯಿಸುವ ಕಪ್ಪು ತಗಡು ಹೆಚ್ಚುಕಡಿಮೆ ಅರ್ಧ ಹಿಡಿಯುತ್ತದೆ.

ನನಗೆ ಇದರಲ್ಲಿ ಇಷ್ಟವಾಗುವುದು ಒಳಗಿನ ಉಪಾಯ. ಟ್ಯಾಂಕ್ ಮೇಲೆ, ತಗಡು ಕೆಳಗೆ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಭಾರಕ್ಕೆ ಕೆಳಗಿಳಿಯುತ್ತದೆ. ಪಂಪ್ ಇಲ್ಲ, ಮೋಟಾರ್ ಇಲ್ಲ. ಮೋಡ ಬಂದರೆ ತಾನೇ ನಿಲ್ಲುತ್ತದೆ, ಬಿಸಿಲು ಬಂದರೆ ತಾನೇ ಶುರು. ಇಷ್ಟು ಸಾಧು ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ.

ನೋಡಿಕೊಳ್ಳುವ ಕೆಲಸವೂ ದೊಡ್ಡದೇನಲ್ಲ. ತಗಡಿನ ಮೇಲೆ ಮುಚ್ಚಿದ ಗಾಜಿಗೆ ಕೂತ ಧೂಳನ್ನು ಆಗಾಗ ಒರೆಸಬೇಕು. ಒಳಗೆ ಎನಾಮಲ್ ಬಳಿದ ಟ್ಯಾಂಕಾದರೆ ಅದರಲ್ಲೊಂದು ಮೆಗ್ನೀಸಿಯಂ ಸರಳು ಇರುತ್ತದೆ. ತುಕ್ಕು ಮೊದಲು ಅದನ್ನು ತಿಂದು ಟ್ಯಾಂಕನ್ನು ಬಿಡುತ್ತದೆ. ಸವೆದಾಗ ಹೊಸದು ಹಾಕಿಸಿದರೆ ಆಯ್ತು. ಸರಳಿನ ಸುದ್ದಿಯೇ ಗೊತ್ತಿಲ್ಲದೆ, ಟ್ಯಾಂಕ್ ತೂತಾದ ಮೇಲೆ ಸೋಲಾರನ್ನು ಬೈಯುವವರೇ ಜಾಸ್ತಿ.

ವಿರೋಧ

ಬಿಸಿಲಿಗೆ ಬಿಲ್ ಇಲ್ಲ, ಒಪ್ಪಿದೆ. ಬಿಲ್ ಬರುವುದು ನೀರಿನ ಕಡೆಯಿಂದ. ಗಡಸು ನೀರು ಕಾದಷ್ಟೂ ಸುಣ್ಣ ಬಿಡುತ್ತದೆ. ಅದು ಬೆರಳು ದಪ್ಪದ ತಾಮ್ರದ ಕೊಳವೆಯೊಳಗೆ ಬೆಳ್ಳಗೆ ಹಕ್ಕಳೆಯಂತೆ ಕಟ್ಟುತ್ತದೆ. ಪಂಪ್ ಇಲ್ಲ ಎಂದು ಹೊಗಳಿದ್ದೇ ಇಲ್ಲಿ ತೊಂದರೆ. ನೂಕುವವರಿಲ್ಲದ ನೀರಿಗೆ ಸ್ವಲ್ಪ ಅಡ್ಡ ಬಂದರೂ ಸಾಕು, ಹರಿವು ನಿಧಾನವಾಗುತ್ತದೆ. ಆಮೇಲೆ ಆಸಿಡ್ ಹಾಕಿ ತೊಳೆಸುವ ಕೆಲಸ. ಪ್ಲಂಬರ್ ಬರಬೇಕು, ಏಣಿ ಹತ್ತಬೇಕು.

ತಗಡಿನ ಬದಲು ಗಾಜಿನ ಟ್ಯೂಬುಗಳಲ್ಲಿ ನೀರು ಕಾಯಿಸುವ ಸೋಲಾರ್ ಆದರೆ ಬೇರೆ ಕಥೆ. ನಮ್ಮಲ್ಲಿ ಒಮ್ಮೆ ಟ್ಯಾಂಕ್ ಖಾಲಿಯಾಗಿ ಟ್ಯೂಬುಗಳು ಬಿಸಿಲಲ್ಲಿ ಒಣಗಿ ಕಾದಿದ್ದವು. ಮಧ್ಯಾಹ್ನ ನೀರು ಬಂತೆಂದು ನಾನು ವಾಲ್ವ್ ತಿರುಗಿಸಿದೆ. ಪಟ್, ಪಟ್, ಪಟ್. ಮೂರು ಟ್ಯೂಬ್ ಹೋದವು. ಸಂಜೆ ತಣ್ಣಗಾಗುವವರೆಗೆ ಕಾಯಬೇಕಿತ್ತು, ತಪ್ಪು ನನ್ನದೇ. ಆದರೆ ಗೀಸರ್ ಇಂಥ ತಪ್ಪಿಗೆ ಜಾಗವನ್ನೇ ಕೊಡುವುದಿಲ್ಲ, ಅಲ್ವಾ?

ಪೈಪಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಳಗೆ 20 ಮಿಲಿಮೀಟರ್ ಅಗಲದ ಪೈಪ್ ತಾರಸಿಯಿಂದ ಬಚ್ಚಲಿಗೆ 15 ಮೀಟರ್ ಬಂದರೆ, ಅದರಲ್ಲಿ ನಿಂತ ಐದು ಲೀಟರ್ ತಣ್ಣೀರು ಮೊದಲು ಹೊರಗೆ ಬರಬೇಕು. ಕೈ ತೊಳೆಯಲು ಬೇಕಾದ್ದು ಒಂದು ಲೀಟರ್.

ಇನ್ನು ಮೋಡದ ದಿನಗಳು. ಅದಕ್ಕೆಂದು ಟ್ಯಾಂಕಿನಲ್ಲಿ ಕಾಯಿಲ್ ಇಟ್ಟಿರುತ್ತಾರೆ. ಅದರ ಸ್ವಿಚ್ ಆರಿಸಲು ಮರೆತರೆ ರಾತ್ರಿಯೆಲ್ಲ ಕರೆಂಟ್ ಟ್ಯಾಂಕನ್ನು ಕಾಯಿಸುತ್ತದೆ. ಬೆಳಿಗ್ಗೆ ಬಂದ ಸೂರ್ಯನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಬೇಸಿಗೆಯಲ್ಲಂತೂ ತದ್ವಿರುದ್ಧ. ನೀರು ಕುದಿಯುವಷ್ಟು ಕಾದಿರುತ್ತದೆ, ಕೇಳುವವರಿಲ್ಲ.

ಇದಕ್ಕಿಂತ ಹೀಟ್ ಪಂಪ್ ವಾಸಿ ಎನ್ನುತ್ತೇನೆ. ಅದು ಗಾಳಿಯ ಶಾಖವನ್ನು ನೀರಿಗೆ ಎಳೆಯುತ್ತದೆ. 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಶಾಖ. ಕರೆಂಟ್ ಮಾಡುವ ಪ್ಯಾನೆಲ್‌ನಿಂದ ಅದನ್ನು ನಡೆಸಿದರೆ, ಮೇಲೆ ಹೇಳಿದ ಐದರಲ್ಲೊಂದನ್ನು ಮೂರರಿಂದ ಗುಣಿಸಿ ನೋಡಿ. ಕಪ್ಪು ತಗಡಿನ ಅರ್ಧಕ್ಕಿಂತ ಅದು ಜಾಸ್ತಿಯೇ ಆಯಿತು. ಸಾಮಾನಿನ ಬೆಲೆ ಜಾಸ್ತಿ, ಸುಳ್ಳಲ್ಲ. ಆದರೆ ನೀರು ಕಾದಾದ ಮೇಲೆ ಆ ಪ್ಯಾನೆಲ್‌ಗಳು ಫ್ಯಾನ್ ತಿರುಗಿಸುತ್ತವೆ, ಫ್ರಿಜ್ ನಡೆಸುತ್ತವೆ. ತಾರಸಿಯ ಬಿಸಿನೀರಿನ ಟ್ಯಾಂಕ್‌ಗೆ ಬೇರೆ ಕೆಲಸ ಬರುವುದಿಲ್ಲ.