ನಕ್ಕರು, ಆದರೆ ಬೇರೆ ಜಾಗದಲ್ಲಿ

ನಮ್ಮದೊಂದು ಪುಟ್ಟ ಹಾಸ್ಯ ತಂಡ. ಐದಾರು ನಿಮಿಷದ ಸ್ಕಿಟ್‌ಗಳನ್ನು ಒಂದರ ಹಿಂದೊಂದು ಪೋಣಿಸಿ ಒಂದು ಸಂಜೆ ದಾಟಿಸುತ್ತೇವೆ. ಪಾತ್ರಗಳು ಬೇಕಾದಷ್ಟು, ನಟರು ಬೆರಳೆಣಿಕೆ. ಸ್ಕ್ರಿಪ್ಟ್ ಬರೆಯುವುದು ನಾನು. ಹಾಗಾಗಿ ಜನ ಎಲ್ಲಿ ನಗಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಜನಕ್ಕೆ ಗೊತ್ತಿರುವುದಿಲ್ಲ, ಅಷ್ಟೇ.

ಸ್ಕಿಟ್‌ನ ಜೀವ ಇರುವುದು ಬ್ಲ್ಯಾಕೌಟ್‌ನಲ್ಲಿ. ಕೊನೆಯ ಪಂಚ್‌ಗೆ ನಗು ಎದ್ದ ಕೂಡಲೇ ದೀಪ ಆರಬೇಕು. ಮುಂಚೆ ಆರಿದರೆ ಪಂಚ್ ಕತ್ತಲಪಾಲು. ತಡವಾದರೆ ನಟ ಕೈ ಎಲ್ಲಿಡಬೇಕೆಂದು ತಿಳಿಯದೆ ಪಾಸ್‌ಪೋರ್ಟ್ ಫೋಟೋಗೆ ಕೂತವನ ಹಾಗೆ ಬಿಗಿದುಕೊಂಡಿರುತ್ತಾನೆ. ನಮ್ಮ ಲೈಟಿನವನು ದೊಡ್ಡ ರಸಿಕ, ಅದೇ ತಾಪತ್ರಯ. ತಾಲೀಮಿನಲ್ಲಿ ಸವೆದುಹೋದ ಜೋಕಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಹೊಟ್ಟೆ ಬಿಟ್ಟು ಕೈ ಸ್ವಿಚ್ಚಿಗೆ ಬರುವಷ್ಟರಲ್ಲಿ ಸಭೆ ಕೆಮ್ಮಲು ಶುರುಮಾಡಿರುತ್ತದೆ.

ದೀಪ ಆರಿದ ಮೇಲೆ ಇನ್ನೊಂದು ನಾಟಕ. ಬೆಳಕಿನಲ್ಲಿದ್ದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20–30 ನಿಮಿಷ ಬೇಕು. ನಮಗೆ ಸಿಗುವುದು ಹತ್ತು ಸೆಕೆಂಡು. ಅಷ್ಟರಲ್ಲಿ ಕೋರ್ಟು ಆಸ್ಪತ್ರೆಯಾಗಬೇಕು. ಅದಕ್ಕೆಂದೇ ನೆಲಕ್ಕೆ ಮಿನುಗುವ ಟೇಪ್ ಅಂಟಿಸುತ್ತೇವೆ. ಅದು ಮೊದಲು ಬೆಳಕು ಕುಡಿದರೆ ಮಾತ್ರ ಆಮೇಲೆ ಮಿನುಗುತ್ತದೆ. ಒಂದು ಪ್ರದರ್ಶನದಲ್ಲಿ ಟೇಪಿನ ಮೇಲೇ ಯಾರೋ ಸೂಟ್‌ಕೇಸ್ ಇಟ್ಟಿದ್ದರು. ಡಾಕ್ಟರ್ ಪಾತ್ರದವನು ತಡವರಿಸುತ್ತಾ ಬಂದು ತನ್ನ ಕುರ್ಚಿ ಎಂದುಕೊಂಡು ಕೂತ. ಹಿಂದಿನ ಸ್ಕಿಟ್‌ನ ನ್ಯಾಯಾಧೀಶ ಇನ್ನೂ ಅದರಿಂದ ಎದ್ದಿರಲಿಲ್ಲ.

ದೀಪ ಹತ್ತಿತು. ನ್ಯಾಯಾಧೀಶರ ತೊಡೆಯ ಮೇಲೆ ಸ್ಟೆತಾಸ್ಕೋಪ್ ಸಮೇತ ಡಾಕ್ಟರು. ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ನ್ಯಾಯಾಧೀಶರೇ ಗಂಟಲು ಸರಿಮಾಡಿಕೊಂಡು, “ಅಪೀಲು ಹೀಗೆಲ್ಲ ಸಲ್ಲಿಸೋ ಹಾಗಿಲ್ಲ ಡಾಕ್ಟ್ರೇ” ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ರಾತ್ರಿಗಟ್ಟಲೆ ತಿದ್ದಿ ಬರೆದ ಯಾವ ಸಾಲಿಗೂ ಅದರ ಕಾಲು ಭಾಗ ನಗು ಬಂದಿರಲಿಲ್ಲ.

ಮುಂದಿನ ಪ್ರದರ್ಶನಕ್ಕೆ ಇದನ್ನೇ ಇಟ್ಟುಕೊಳ್ಳೋಣ ಎಂದು ಎಲ್ಲರೂ ಪಟ್ಟು ಹಿಡಿದರು. ಕೂರುವುದನ್ನು ತಾಲೀಮು ಮಾಡಿದರು, ತೊಡೆಗೆ ನೋವಾಗದ ಹಾಗೆ ಒಳಗೆ ದಿಂಬು ಕಟ್ಟಿದರು. ಡಾಕ್ಟರು ಸರಿಯಾದ ಜಾಗ ನೋಡಿ, ನಾಜೂಕಾಗಿ ಕೂತ. ಪಿಟ್ಟೆಂದವರಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಮಾತ್ರ, “ಪಾಪ, ಪೆಟ್ಟಾಯ್ತೇನಪ್ಪಾ?” ಎಂದು ಕೇಳಿದರು.

ಆನ್‌ಲೈನಿನ ಗೋಳೇ ಬೇರೆ. ರಂಗದ ಮೇಲೆ ನಗು ಏರಿ, ಇನ್ನೇನು ಇಳಿಯಬೇಕು ಅನ್ನುವಾಗ ಮುಂದಿನ ಮಾತು ಹಾಕಬೇಕು. ಈ ಕಾಯುವ ಚಟ ನಟರ ಮೈಗಂಟಿಬಿಟ್ಟಿದೆ. ಫೋನು ನಗುವುದಿಲ್ಲವಲ್ಲ! ನಮ್ಮ ಮೊದಲ ವಿಡಿಯೋದಲ್ಲಿ ಪ್ರತಿ ಜೋಕಿನ ನಂತರವೂ ಎಲ್ಲರೂ ಬಾರದ ನಗುವಿಗಾಗಿ ಕಾದು ನಿಂತಿದ್ದಾರೆ. ಕೆಳಗೆ ಬಿದ್ದ ಮೊದಲ ಕಮೆಂಟು: “ನನ್ನ ನೆಟ್ ಸ್ಲೋನಾ, ಇವರೇ ಹೀಗಾ?”

ಜೊತೆಗೆ ಫೋನಿನ ನಿಲುವು ಚೌಕಟ್ಟು, 9:16. ಅಂದರೆ ಅಗಲ ಒಂಬತ್ತು ಪಾಲಾದರೆ ಎತ್ತರ ಹದಿನಾರು. ವೇದಿಕೆಯ ಉದ್ದಕ್ಕೂ ಹರಡಿದ ಕೋರ್ಟನ್ನು ಅದರೊಳಗೆ ತುರುಕಿದಾಗ ಆರೋಪಿ ಹೊರಗುಳಿದ, ವಕೀಲರ ಮೂಗು ಒಳಗೆ ಬಂತು. ವಾದವಿಡೀ ಮೂಗೇ ಮಾಡಿತು.

1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಟೀವಿಗಾಗಿ ನಗುವಿನ ಪೆಟ್ಟಿಗೆಯನ್ನೇ ಮಾಡಿದ್ದ. ಕೀಲಿ ಒತ್ತಿದರೆ ಬೇಕಾದ ಬಗೆಯ ನಗು. ನಮ್ಮ ಎಡಿಟರಿಗೆ ಇದು ಎಲ್ಲಿಂದಲೋ ತಿಳಿಯಿತು. ಬೇರೆಯವರ ನಗು ನಮಗೇಕೆ ಎಂಬ ಸ್ವಾಭಿಮಾನದಿಂದ, ಆ ಡಾಕ್ಟರ್ ಕೂತ ದಿನದ ನಗುವನ್ನೇ ಕತ್ತರಿಸಿ ಎಲ್ಲ ಜೋಕಿಗೂ ಅಂಟಿಸಿದ. ಅದರಲ್ಲೊಂದು ಮಗುವಿನ ಅಳು ಸೇರಿತ್ತು. ಜೋಕು, ನಗು, ಮಗು. ಮತ್ತೆ ಜೋಕು, ನಗು, ಅದೇ ಮಗು. “ಮೊದ್ಲು ಮಗು ನೋಡ್ಕೊಳ್ರಪ್ಪಾ” ಎಂದು ಬೈಯುತ್ತಲೇ ಜನ ಹಂಚಿಕೊಂಡರು. ನಮ್ಮ ಯಾವ ವಿಡಿಯೋವೂ ಅಷ್ಟು ಓಡಿರಲಿಲ್ಲ. ಮುಂದಿನದರಲ್ಲಿ ಎಡಿಟರು ಮರ್ಯಾದೆಯಾಗಿ ಅಳು ತೆಗೆದರೆ, “ಮಗು ಎಲ್ಲಿ?” ಎಂದು ವಿಚಾರಣೆ.

ಅದು ಯಾರ ಮಗುವೋ ನಮಗಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಪೋಸ್ಟರಿನಿಂದ ‘ಚಿಕ್ಕ ಮಕ್ಕಳನ್ನು ಕರೆತರಬೇಡಿ’ ಎಂಬ ಸಾಲು ತೆಗೆಸಿದ್ದೇವೆ.