ಸೂಜಿ ಬೇಡ, ಸೊಪ್ಪು ಸಾಕು

ಪಿ.ಬಿ. ರಸ್ತೆಯ ಆ ಫ್ಲೆಕ್ಸ್ ನೀವೂ ನೋಡಿರುತ್ತೀರಿ. 'ಸೂಜಿ ಇಲ್ಲ, ನೋವಿಲ್ಲ, ಕೆಮಿಕಲ್ ಇಲ್ಲ. ಅಪ್ಪಟ ಗಿಡಮೂಲಿಕೆಯಿಂದ ಹಲ್ಲು ಕೀಳಲಾಗುವುದು.' ಎರಡೆರಡು ಡೆಂಟಲ್ ಕಾಲೇಜು ಇಟ್ಟುಕೊಂಡ ದಾವಣಗೆರೆಗೆ ಇದೊಂದು ಕೊರತೆ ಇತ್ತು, ನೀಗಿತು. ಅಲ್ಲಿ ಹುಡುಗರು ಐದು ವರ್ಷ ಒದ್ದಾಡಿ ದವಡೆಯ ನರ ಎಲ್ಲಿ ಹಾಯುತ್ತದೆಂದು ಕಲಿಯುತ್ತಾರೆ, ಪಾಪ. ಇಲ್ಲಿ ಲವಂಗದೆಣ್ಣೆಗೆ ಹತ್ತಿ ಅದ್ದಿ, ಬಾಯಿ ಚುರುಗುಟ್ಟಿಸುವ ಅಕ್ಕಲಕರೆ ಬೇರಿನ ಪುಡಿ ಉದುರಿಸಿ "ಕಚ್ಕಳಪಾ" ಅಂದರೆ ಆಯಿತು, ನರ ತಾನೇ ಮಲಗುತ್ತದೆ.

ಲವಂಗವನ್ನು ಬೈಯಬಾರದು. ಅದರೊಳಗಿನ ಯೂಜಿನಾಲ್ ಹಲ್ಲಿನ ಜುಮ್ಮು ತಗ್ಗಿಸುವುದು ನಿಜ. ಡೆಂಟಿಸ್ಟರೂ ಅದನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್ ತುಂಬುತ್ತಾರೆ. ಮರಗಟ್ಟಿಸುವ ಸೂಜಿ ಚುಚ್ಚುವ ಮುಂಚೆ ಒಸಡಿಗೆ ಹಚ್ಚಲು ಲವಂಗದ ಜೆಲ್ ಆದೀತೇ ಎಂದು ಪರೀಕ್ಷೆಗಳೂ ನಡೆದಿವೆ. ಚುಚ್ಚುವ ಮುಂಚೆ ಸ್ವಾಮಿ, ಚುಚ್ಚುವ ಬದಲು ಅಲ್ಲ. ಮೂಳೆಯೊಳಗಿನ ನರದ ತನಕ ಅದು ಇಳಿಯದು. ಜಾಸ್ತಿ ಮೆತ್ತಿದರೆ ಒಸಡು ಬೆಂದು ಬೆಳ್ಳಗಾಗುತ್ತದೆ. ಆ ಉರಿಯಲ್ಲಿ ಹಲ್ಲುನೋವು ಮರೆತೇ ಹೋದೀತು, ಅದೂ ಒಂದು ಚಿಕಿತ್ಸೆ ಅನ್ನಿ.

ಎಲೆಯಿಂದಲೇ ಬಾಯಿ ಮರಗಟ್ಟಬೇಕು ಅನ್ನುವ ಸಾತ್ವಿಕರಿಗೆ ಶುಭಸಮಾಚಾರ: 1884ರಲ್ಲೇ ಅದಾಗಿದೆ. ಕೋಕಾ ಎಲೆಯ ಕೊಕೇನ್! ವಿಯೆನ್ನಾದಲ್ಲಿ ಕಾರ್ಲ್ ಕೋಲರ್ ಎಂಬ ವೈದ್ಯ ಕಣ್ಣು ಮರಗಟ್ಟಿಸಲು ಅದನ್ನು ಕಣ್ಣಿಗೆ ಬಿಟ್ಟ. ಅದೇ ವರ್ಷ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ದವಡೆಯ ನರಕ್ಕೇ ಚುಚ್ಚಿದ, ಪ್ರಯೋಗಕ್ಕೆಂದು ತಾನೂ ಚುಚ್ಚಿಕೊಂಡು ಚಟಕ್ಕೆ ಬಿದ್ದ. ಇದಕ್ಕಿಂತ ಅಪ್ಪಟ ಗಿಡಮೂಲಿಕೆ ಬೇಕೆ? ಆ ಸೊಪ್ಪಿನ ಸಹವಾಸ ತಪ್ಪಲೆಂದೇ ಲ್ಯಾಬಿನ ಮದ್ದು ಹುಡುಕಿದರು. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೋಕೇನ್ ಇವತ್ತಿಗೂ ನಮ್ಮ ದವಡೆ ಕಾಯುತ್ತಿದೆ. ಆದರೆ ಅದು ಕೆಮಿಕಲ್ಲು, ಥೂ.

ನಗು ಸಾಕು. ಕೀವು ತುಂಬಿದ ಹಲ್ಲಿಗೆ ವಾರಗಟ್ಟಲೆ ಎಣ್ಣೆ ಹಚ್ಚಿಕೊಂಡು, ಬಾಯಿ ತೆರೆಯಲಾಗದೆ, ಕತ್ತು ಊದಿಸಿಕೊಂಡು ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಬರುವವನು ಅಡಿಕೆ ಸುಲಿಯುವ ಕೂಲಿಯವನು. ಕೀವು ಗಂಟಲಿಗಿಳಿದರೆ ಉಸಿರೇ ನಿಂತೀತು. ಯಾಕಪ್ಪಾ ತಡ ಮಾಡಿದೆ ಅಂದರೆ, "ಸೂಜಿ ಅಂದ್ರೆ ಹೆದ್ರಿಕೆ ಸಾರ್." ಅವನ ಮೇಲೆ ಸಿಟ್ಟಿಲ್ಲ. ಎಸಿ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಂಡೇ ರೂಟ್ ಕೆನಾಲ್ ಮುಗಿಸಿ, ಅರ್ಧ ಬಾಯಿ ಇನ್ನೂ ಜೋಮು ಹಿಡಿದಿರುವಾಗಲೇ 'ನಮ್ಮ ಹಿರಿಯರ ಜ್ಞಾನ, ಎಲ್ಲರಿಗೂ ಶೇರ್ ಮಾಡಿ' ಎಂದು ವಾಟ್ಸಾಪಿನಲ್ಲಿ ಒತ್ತುವ ಮಹನೀಯರಿದ್ದಾರಲ್ಲ, ಅವರ ಮೇಲೆ.