ಅನ್ಯಾಯ ಈಗಲೇ ನಡೆಯುತ್ತಿದೆ

ಶಿಕ್ಷಕರ ಕೊರತೆಯಿರುವ ವಿಷಯಗಳಿಗೆ ಹೆಚ್ಚು ಸಂಬಳ ಕೊಡಬೇಕೆಂಬ ಸಲಹೆಯನ್ನು ಲೇಖನವೊಂದು ವಿರೋಧಿಸಿದೆ. "ಗಣಿತ, ಭೌತಶಾಸ್ತ್ರದವರಿಗೆ ಹೆಚ್ಚು ಕೊಟ್ಟರೆ ಉಳಿದ ಶಿಕ್ಷಕರಿಗೆ ಅನ್ಯಾಯ" ಎಂಬ ಅದರ ಲೇಖಕರ ಮಾತನ್ನು ಒಪ್ಪಲಾರೆ. ಭೌತಶಾಸ್ತ್ರದ ಹುದ್ದೆ ಖಾಲಿ ಬಿದ್ದರೆ ಆ ಪೀರಿಯಡ್‌ಗಳು ಜೀವಶಾಸ್ತ್ರದವರ ತಲೆಗೇ ಬರುತ್ತವೆ. ಅವರು ಪುಸ್ತಕ ಓದಿಸಿ ಪಾಠ ಮುಗಿಸುತ್ತಾರೆ. ಓಮ್‌ನ ನಿಯಮದ ಪ್ರಯೋಗದಲ್ಲಿ ಹುಡುಗರು ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸುವ ಬದಲು ರೋಧಕಕ್ಕೆ ಸಮಾಂತರವಾಗಿ ಜೋಡಿಸಿ ಫ್ಯೂಸ್ ಹೋದರೆ, ಏಕೆ ಹೋಯಿತೆಂದು ಬಿಡಿಸಿ ಹೇಳುವವರಿಲ್ಲ. ಜೀವಶಾಸ್ತ್ರದವರಿಗೆ ಕೆಲಸ ಹೆಚ್ಚು, ಸಂಬಳ ಅದೇ. ಅನ್ಯಾಯ ಇರುವುದು ಅಲ್ಲಿ.

ಆದರೆ ಕೊಡುವ ರೀತಿ ಸರಿಯಿರಬೇಕು. ಮೂಲವೇತನಕ್ಕೆ ಸೇರಿಸಿದರೆ ಕೊರತೆ ನೀಗಿದ ಮೇಲೂ ತೆಗೆಯಲು ಬರುವುದಿಲ್ಲ; ಪ್ರತ್ಯೇಕ ಭತ್ಯೆಯಾಗಿರಲಿ, ಆ ವಿಷಯವನ್ನೇ ಪಾಠ ಮಾಡುವವರೆಗೆ ಮಾತ್ರ. ಸೇರುವಾಗಲೇ ಇಡೀ ಮೊತ್ತ ಕೊಡುವುದೂ ತಪ್ಪು. ಶಿಕ್ಷಕರು ಬಿಟ್ಟುಹೋಗುವುದು ಹೆಚ್ಚಾಗಿ ಮೊದಲ ಐದು ವರ್ಷಗಳಲ್ಲಿ, ಹಾಗಾಗಿ ಪ್ರತಿ ವರ್ಷ ಮುಗಿದ ಮೇಲೆ ಒಂದು ಕಂತು ಕೊಡಲಿ. ಅಮೆರಿಕದ ನಾರ್ತ್ ಕೆರೊಲಿನಾ 2001ರಿಂದ, ಬಡ ಮಕ್ಕಳು ಹೆಚ್ಚಿರುವ ಅಥವಾ ಫಲಿತಾಂಶ ಕಡಿಮೆಯಿರುವ ಶಾಲೆಗಳ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣದ ಶಿಕ್ಷಕರಿಗೆ ವರ್ಷಕ್ಕೆ 1,800 ಡಾಲರ್ ಬೋನಸ್ ಕೊಟ್ಟಿತು. ಬಿಟ್ಟುಹೋಗುವ ಪ್ರಮಾಣ ಸುಮಾರು 17% ಇಳಿಯಿತು. ಆದರೆ ಯಾರಿಗೆ ಸಿಗುತ್ತದೆಂಬ ಗೊಂದಲ ಬಗೆಹರಿಯಲೇ ಇಲ್ಲ, ಮೂರು ವರ್ಷಕ್ಕೇ ಯೋಜನೆ ನಿಂತಿತು. ಅರ್ಹತೆ ಮತ್ತು ಅವಧಿ ಎರಡೂ ನೇಮಕಾತಿ ಆದೇಶದಲ್ಲೇ ಅಚ್ಚಾಗಿರಬೇಕು.